ಪಾಟಿ ಎತ್ತಿಸಿದ ಕಳಕಪ್ಪ ಮಾಸ್ತರ

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹಳೆಯ ತಲೆಗಳನ್ನು ನಿಲ್ಲಿಸಿ 'ಕಳಕಪ್ಪ ಮಾಸ್ತರರು ಗೊತ್ತೇ?' ಎಂದು ಕೇಳಿ ನೋಡಿ. 'ಯಾವ ಕಳಕಪ್ಪ? ನಮ್ಮ ಕಡೆ ಮನೆಗೊಬ್ಬ ಕಳಕಪ್ಪ ಇದ್ದಾನೆ' ಎನ್ನುತ್ತಾರೆ. 'ಪಾಟಿ ಎತ್ರಿ ಮಾಸ್ತರ' ಎಂದರೆ ಮಾತ್ರ ಮುಖ ಅರಳುತ್ತದೆ. ಪಾಟಿ ಎಂದರೆ ಸ್ಲೇಟು. ನಲವತ್ತು ವರ್ಷ ಪಾಠ ಹೇಳಿದ ಮನುಷ್ಯನಿಗೆ ಊರು ಪ್ರೀತಿಯಿಂದ ಒಂದು ಅಡ್ಡಹೆಸರು ಇಟ್ಟಿತೆಂದರೆ ಅದು ಸರಕಾರ ಕೊಡುವ ಪದಕಕ್ಕಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ. ಪದಕ ಕೊಡುವವರಿಗೆ ಮಾಸ್ತರರ ಪರಿಚಯ ಇರುವುದಿಲ್ಲ, ಅಡ್ಡಹೆಸರು ಇಡುವವರಿಗೆ ಇರುತ್ತದೆ.

ಕಳಕಪ್ಪ ಹುಟ್ಟಿದ್ದು ಬೆಟಗೇರಿಯ ನೇಕಾರರ ಮನೆಯಲ್ಲಿ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರಬೇಕಾದ ಹುಡುಗ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸು ಮಾಡಿ, ಧಾರವಾಡದಲ್ಲಿ ಟ್ರೇನಿಂಗು ಮುಗಿಸಿ, ಸ್ಕೂಲ್ ಬೋರ್ಡಿನವರು ಕೊಟ್ಟ ಊರಿಗೆ ಟ್ರಂಕು ಹೊತ್ತುಕೊಂಡು ಬಂದ. ಊರು ಮಾಗಡಿ ಕೆರೆಯ ಆಚೆಗಿತ್ತು. ಸ್ವಾತಂತ್ರ್ಯ ಬರುವ ತನಕ ಆ ಸೀಮೆ ಸಾಂಗಲಿ ಸಂಸ್ಥಾನದ್ದು, ಆಮೇಲೆ ಮುಂಬಯಿ ಸರಕಾರದ್ದು. 'ಇನ್ನೇನು ಎಲ್ಲಾ ಕನ್ನಡದವರೂ ಒಂದಾಗತೀವಂತ' ಎಂಬ ಮಾತು ಗದಗಿನಿಂದ ಬರುವ ಮೋಟಾರಿನ ಜೊತೆಗೆ ಬರುತ್ತಿತ್ತು, ಹೋಗುತ್ತಿತ್ತು. ಯಾರ ರಾಜ್ಯವಾದರೂ ಶಾಲೆ ನಡೆಯುತ್ತಿದ್ದುದು ಹನುಮಪ್ಪನ ಗುಡಿಯ ಪಡಸಾಲೆಯಲ್ಲೇ. ನಾಲ್ಕು ಇಯತ್ತೆ, ಎಂದರೆ ನಾಲ್ಕು ತರಗತಿ, ಒಬ್ಬರೇ ಮಾಸ್ತರರು.

ನಾಲ್ಕನೇ ಇಯತ್ತೆಗೆ ಶಾಲೆ ಮುಗಿಯುತ್ತಿತ್ತು ಎಂಬುದೇ ಊರಿನ ದುಃಖ. ಗಂಡುಮಕ್ಕಳು ಬುತ್ತಿ ಕಟ್ಟಿಕೊಂಡು ಶಿರಹಟ್ಟಿಗೆ ನಡೆದಾರು, ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಐದನೇ ಇಯತ್ತೆ ಬೇಕೆಂದು ಹಿರಿಯರು ಬೋರ್ಡಿಗೆ ಅರ್ಜಿ ಹಾಕಿದ್ದರು. ಬೋರ್ಡಿನವರು ಇಲ್ಲ ಎನ್ನಲಿಲ್ಲ, ಹೂಂ ಅಂತಲೂ ಎನ್ನಲಿಲ್ಲ. ನಾಲ್ಕನೆಯವರ ಪರೀಕ್ಷೆ ಹೇಗಾಗುತ್ತದೋ ನೋಡಿ ಹೇಳುತ್ತೇವೆ ಎಂದರು. ಪರೀಕ್ಷೆ ಮಾಡಲು ಬರುವವರು ದೀಪೋಟಿ ಸಾಹೇಬರು. ಆ ಕಾಲದಲ್ಲಿ ಶಾಲೆ ತಪಾಸಣೆಗೆ ಬರುವ ಅಧಿಕಾರಿಗೆ ಜನ ಇಟ್ಟ ಹೆಸರು ಅದು.

ಇಲ್ಲಿ ಒಂದು ಪದ್ಧತಿಯನ್ನು ಹೇಳಲೇಬೇಕು. ಆಗೆಲ್ಲ ಬಾಯಿಲೆಕ್ಕದ ಪರೀಕ್ಷೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಪ್ರಶ್ನೆ ಮೊದಲನೆಯವನಿಗೆ. ಅವನಿಗೆ ಬರದಿದ್ದರೆ ಎರಡನೆಯವನಿಗೆ, ಅವನಿಗೂ ಬರದಿದ್ದರೆ ಮೂರನೆಯವನಿಗೆ. ಉತ್ತರ ಹೇಳಿದವನು ತಪ್ಪಿದವರೆಲ್ಲರ ಮೂಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಕಪಾಳಕ್ಕೆ ಬಾರಿಸಿ, ಸಾಲಿನಲ್ಲಿ ಅವರಿಗಿಂತ ಮೇಲೆ ಹೋಗಿ ನಿಲ್ಲಬೇಕು. ಬಾರಿಸದಿದ್ದರೆ ಉತ್ತರ ಲೆಕ್ಕಕ್ಕಿಲ್ಲ. ಊರಿನವರಿಗೆ ಇದು ಬಯಲಾಟಕ್ಕಿಂತ ಹೆಚ್ಚಿನ ಮೋಜು. ಗುಡಿಕಟ್ಟೆಯ ಮೇಲೆ ಕೂತ ಹಿರಿಯರು ಎಲೆ ಅಡಿಕೆ ಮೆಲ್ಲುತ್ತ 'ಹಾಂ, ಬೀಳಲಿ ಇನ್ನೊಂದು' ಎನ್ನುತ್ತಿದ್ದರು. ಕಳಕಪ್ಪನೂ ಹಾಗೆಯೇ ಹೊಡೆದು, ಹೊಡೆಸಿಕೊಂಡು ಕಲಿತವನು, ಹಾಗೆಯೇ ಕಲಿಸುತ್ತಿದ್ದ.

ಮೊದಲ ವರ್ಷದ ಪರೀಕ್ಷೆಯಲ್ಲಿ ಮಾನ ಹೋಯಿತು. ಸಾಹೇಬರು ಪ್ರಶ್ನೆ ಕೇಳುತ್ತ ಹೋದರು, ಸಾಲಿನಲ್ಲಿ ಅರ್ಧಕ್ಕರ್ಧ ಮಕ್ಕಳು ಬಾಯಿ ಬಿಡಲಿಲ್ಲ. ಎಲ್ಲರಿಗಿಂತ ಕೆಳಗೆ, ಕಂಬಕ್ಕೆ ಒರಗಿದಂತೆ ನಿಂತವಳು ಅಂದಾನಪ್ಪನ ಮಗಳು ನೀಲಗಂಗವ್ವ. ಬಿಗಿಯಾಗಿ ಹೆಣೆದ ಎರಡು ಜಡೆ, ನೆಲಕ್ಕೆ ನೆಟ್ಟ ಕಣ್ಣು. ಒಂದು ಪ್ರಶ್ನೆಗೂ ತುಟಿ ಬಿಚ್ಚಲಿಲ್ಲ.

"ಮಾಸ್ತರ್ರ, ನಿಮ್ಮ ಹುಡುಗರಿಗೆ ಬಾಯಿನ ಇಲ್ಲೇನು? ಹಿಂಗಾದ್ರ ಐದನೇ ಇಯತ್ತೆ ಯಾವ ಮುಖಾ ಇಟಗೊಂಡು ಕೇಳತೀರಿ?" ಎಂದರು ಸಾಹೇಬರು. ಆಮೇಲೆ ನೀಲಗಂಗವ್ವನ ಕಡೆ ನೋಡಿ, "ಇದರ ತಲ್ಯಾಗ ಏನೂ ಇಲ್ಲ ಬಿಡ್ರಿ" ಎಂದರು. ಕಟ್ಟೆಯ ಮೇಲಿದ್ದ ಅಂದಾನಪ್ಪನಿಗೆ ಅದು ಕೇಳಿಸಿತು. ಊರಿಗೇ ಕೇಳಿಸಿತು.

ಮರುದಿನ ಬೆಳಗಾಗುತ್ತಲೇ ಅಂದಾನಪ್ಪ ಗುಡಿಯ ಮುಂದೆ ಬಂದು ನಿಂತ. ಕೆಟ್ಟ ಮನುಷ್ಯನಲ್ಲ, ಹೊಲ ಬಿಟ್ಟರೆ ಬೇರೆ ಜಗತ್ತು ಕಾಣದವನು. ನಾಲ್ಕು ಮಂದಿಯ ಎದುರು ಮಗಳಿಗೆ ಆದ ಅಪಮಾನ ಅವನ ಮೈಗೆ ಮುಳ್ಳಿನಂತೆ ಹತ್ತಿತ್ತು.

"ಮಾಸ್ತರ, ಸಾಹೇಬ್ರ ಹೇಳಿದ್ರಲ್ಲ, ಆತು. ಇನ್ನ ಸಾಲಿ ಸಾಕ್ರಿ. ಮನ್ಯಾಗ ಕೂಸಿನ್ನರ ಆಡಸ್ತಾಳ."

"ಒಂದು ವರ್ಷ ತಡೀರಿ ಅಂದಾನಪ್ಪ. ಇನ್ನೊಮ್ಮೆ ನಾಕನೇದಕ್ಕ ಕುಂಡ್ರಲಿ. ಐದನೇದು ಬಂದ್ರ ಮುಂದ ಕಲೀತಾಳ. ಬರದಿದ್ರ ನಿಮ್ಮ ಮಗಳು, ನಿಮ್ಮ ಮನಿ."

"ಒಂದು ವರ್ಷ ಅಂದ್ರ ಒಂದ ವರ್ಷ. ಮತ್ತ ಕೇಳಬ್ಯಾಡ್ರಿ."

ಕೇಳಿ ತಗೊಂಡದ್ದೇನೋ ಆಯಿತು. ಆ ಒಂದು ವರ್ಷದಲ್ಲಿ ಮಾಡುವುದೇನು ಎಂಬುದು ಕಳಕಪ್ಪನಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಮಕ್ಕಳು ಊಟಕ್ಕೆ ಹೋದಾಗ, ಸಾಹೇಬರು ಬರೆಸಿ ಬಿಟ್ಟು ಹೋಗಿದ್ದ ಲೆಕ್ಕದ ಹಾಳೆಗಳನ್ನು ತಿದ್ದಲು ಕೂತ. ಬರವಣಿಗೆಯ ಲೆಕ್ಕಕ್ಕೆ ಆಗ ಅಂಥ ಮರ್ಯಾದೆ ಇರಲಿಲ್ಲ, ಬಾಯಿಲೆಕ್ಕವೇ ರಾಜ. ತಿದ್ದಿ ಮುಗಿಸಿ, ಯಾವುದೋ ಯೋಚನೆಯಲ್ಲಿ ಹಾಳೆಗಳನ್ನು ನೆಲದ ಮೇಲೆ ಹಾಸಿದ. ನಿನ್ನೆ ಸಾಲಿನಲ್ಲಿ ಯಾರು ಎಲ್ಲಿ ನಿಂತಿದ್ದರೋ ಅವರ ಹಾಳೆ ಅಲ್ಲಲ್ಲೇ. ಹಾಸಿ, ಒಂದು ತುದಿಯಿಂದ ನೋಡುತ್ತ ಬಂದ. ಸಾಲಿನ ತಲೆಯಲ್ಲಿ ನಿಂತ ಗೌಡರ ಮಗನ ಹಾಳೆ ತಪ್ಪುಗಳ ಸಂತೆ. ಸಾಲಿನ ಬುಡದಲ್ಲಿ ನಿಂತ ನೀಲಗಂಗವ್ವನ ಹಾಳೆಯಲ್ಲಿ ಲೆಕ್ಕಗಳೆಲ್ಲ ಸರಿ. ಅವಳ ಪಕ್ಕದ ಯಂಕಪ್ಪನದೂ ಹೆಚ್ಚುಕಡಿಮೆ ಹಾಗೆಯೇ.

ಮೊದಲು ಹೊಳೆದದ್ದು, ಎಲ್ಲ ಮಾಸ್ತರರಿಗೂ ಹೊಳೆಯುವುದೇ: ಕದ್ದು ಬರೆದಿದ್ದಾಳೆ. ಆದರೆ ಯಾರದನ್ನು ನೋಡಿ? ಎದುರಿಗೆ ಕೂತಿದ್ದವನು ಅವಳ ಸೋದರಮಾವನ ಮಗ ಹೇಮಪ್ಪ, ಅವನ ಲೆಕ್ಕವೆಲ್ಲ ತಪ್ಪು. ತಪ್ಪನ್ನು ನೋಡಿ ಸರಿ ಬರೆಯುವ ಕಳ್ಳತನ ಇನ್ನೂ ಯಾರೂ ಕಂಡುಹಿಡಿದಿಲ್ಲ. ಸಾಹೇಬರ ಅಂಜಿಕೆಯೇ? ತನ್ನ ಎದುರಿಗೂ ಅವಳು ಹಾಗೇ ನಿಲ್ಲುತ್ತಿದ್ದಳಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರೆ. ತಾನು ಎಳೆಯುತ್ತಿರುವ ಬರೆ ಯಾವ ಎಮ್ಮೆಯ ಮೇಲೆ ಬೀಳುತ್ತಿದೆಯೋ ಎಂಬ ಸಂಶಯ ಅವನಿಗೆ ಹತ್ತಿದ್ದು ಆ ಮಧ್ಯಾಹ್ನ.

ಉತ್ತರ ತಂದವು ಹಕ್ಕಿಗಳು. ಚಳಿಗಾಲದಲ್ಲಿ ಎಲ್ಲಿಂದಲೋ ಬಂದು ಮಾಗಡಿ ಕೆರೆಯಲ್ಲಿ ಇಳಿಯುವ ದೊಡ್ಡ ಹಕ್ಕಿಗಳ ಹಿಂಡು ಸುತ್ತಲಿನ ಹೊಲಕ್ಕೆ ಮೇಯಲು ಬರುತ್ತದೆ. ಕಡಲೆ ಕೀಳುವ ಹೊತ್ತಿಗೆ ಅವುಗಳ ಕಾಟ ಜಾಸ್ತಿಯಾಗಿ, ಹೇಮಪ್ಪನನ್ನು ಅವನ ಮನೆಯವರು ಒಂದು ವಾರ ಹೊಲ ಕಾಯಲು ಕಳಿಸಿದರು. ಆ ವಾರ ನೀಲಗಂಗವ್ವನಿಗೆ ಬಾಯಿ ಬಂತು! ಕೇಳಿದ್ದಕ್ಕೆಲ್ಲ ಪಟಪಟ ಉತ್ತರ, ತಪ್ಪಿದವರ ಕಪಾಳಕ್ಕೆ ಫಟಫಟ ಏಟು, ಎರಡು ದಿನದಲ್ಲಿ ಸಾಲಿನ ತಲೆಯಲ್ಲಿ ನಿಂತಿದ್ದಳು. ಹೇಮಪ್ಪ ಹೊಲದಿಂದ ಮರಳಿದ ದಿನ ತಾನಾಗಿಯೇ ಸಾಲಿನ ಬುಡಕ್ಕೆ ಹೋಗಿ ಮತ್ತೆ ಕಂಬಕ್ಕೆ ಒರಗಿದಳು. ಕಳಕಪ್ಪ ಬದಿಗೆ ಕರೆದು ಯಾಕವ್ವ ಎಂದು ಕೇಳಿದರೆ ಕಾಲ ಹೆಬ್ಬೆರಳಿನಿಂದ ನೆಲ ಕೆರೆದಳೇ ಹೊರತು ಮಾತಾಡಲಿಲ್ಲ.

ಹಾಗಾಗಿ ಅವನು ಅಮೃತವ್ವನ ಮನೆಗೆ ಹೋದ. ಅಮೃತವ್ವ ನೀಲಗಂಗವ್ವನ ತಾಯಿಯ ತಾಯಿ, ಹೇಮಪ್ಪನ ತಂದೆಯ ತಾಯಿ. ಇಬ್ಬರೂ ಅವಳ ಮೊಮ್ಮಕ್ಕಳೇ. ಮುದುಕಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕಳಕಪ್ಪ ಎಲ್ಲ ಹೇಳಿದ. ಕೇಳುತ್ತ ಕೇಳುತ್ತ ಅವಳಿಗೆ ನಗು ತಡೆಯಲಾಗಲಿಲ್ಲ.

"ಅಯ್ಯ ನಮ್ಮಪ್ಪ, ಇಷ್ಟ ಓದೀರಿ, ಇದೊಂದು ತಿಳೀಲಿಲ್ಲೇನು? ಹೇಮ್ಯಾಗ ಈ ಹುಡಿಗಿನ್ನ ಕೊಡೋದಂತ ತೊಟ್ಟಿಲದಾಗ ಇದ್ದಾಗನ ಮಾತಾಗೈತಿ. ನಾಳಿ ತಾಳಿ ಕಟ್ಟಾವನ ಮೂಗು ಹಿಡದು ಕಪಾಳಕ್ಕ ಹೊಡಿ ಅಂದ್ರ ಯಾವ ಹೆಣ್ಣಮಗಳು ಹೊಡೀತಾಳ್ರಿ? ಉತ್ತರಾ ಹೇಳಿದ್ರ ಹೊಡೀಬೇಕು. ಹೊಡೀಬಾರದಂದ್ರ ಬಾಯಿ ಮುಚಗೊಂಡು ನಿಂದ್ರಬೇಕು. ನಿಂತಾಳ."

ಹಾಗಾದರೆ ಯಂಕಪ್ಪ ಯಾಕೆ ಬಾಯಿ ಬಿಡುವುದಿಲ್ಲ ಎಂದು ಕಳಕಪ್ಪ ಕೇಳಿದ.

"ಆ ಯಂಕ್ಯಾಂದೂ ಅಷ್ಟರಿ," ಅಂದಳು ಅಮೃತವ್ವ. "ಅವರಪ್ಪ ಗೌಡ್ರ ಹೊಲದಾಗ ದುಡೀತಾನ. ಗೌಡ್ರ ಮಗನ ಕಪಾಳಕ್ಕ ಹೊಡದು ಅಂವ ಸಂಜೀಕ ಮನೀಗೆ ಹೋಗಬೇಕೋ ಬ್ಯಾಡೋ? ನಿಮ್ಮ ಸಾಲಿನ್ಯಾಗ ಯಾರ ಶಾಣ್ಯಾರು ಅಂತ ಗೊತ್ತಾಗಂಗಿಲ್ಲ ಮಾಸ್ತರ. ಯಾರ್ಗೆ ಯಾರ ಹೊಡೀಬಹುದು ಅನ್ನೋದಷ್ಟ ಗೊತ್ತಾಗತೈತಿ."

ಕಳಕಪ್ಪನಿಗೆ ಮೊದಲು ನಗು ಬಂತು, ಹಿಂದೆಯೇ ನಾಚಿಕೆಯಾಯಿತು. ಇಷ್ಟು ದಿನ ತಾನು ಅಳೆದದ್ದು ಮಕ್ಕಳ ಲೆಕ್ಕವನ್ನಲ್ಲ, ಊರಿನ ನಂಟಸ್ತಿಕೆಯನ್ನು ಎಂದುಕೊಂಡ. ಆ ಅಳತೆಯ ಮೇಲೆ ಒಂದು ಹುಡುಗಿಯನ್ನು ದಡ್ಡಿ ಎಂದು ಊರ ಮುಂದೆ ಒಪ್ಪಿಸಿದ್ದೆನಲ್ಲ! ಎದ್ದು ನಿಂತು ಅಮೃತವ್ವನಿಗೆ ಎರಡೂ ಕೈ ಜೋಡಿಸಿದ. ಮುದುಕಿ ಗಾಬರಿಯಾಗಿ, "ಏ ಕುಂಡ್ರಿ, ಕುಂಡ್ರಿ, ಶೇಂಗಾ ತಿನ್ರಿ" ಎಂದು ಬೊಗಸೆ ತುಂಬ ಕೊಟ್ಟಳು. ತನಗೆ ಟ್ರೇನಿಂಗು ಕೊಟ್ಟವರು ಇಬ್ಬರು, ಧಾರವಾಡದ ಕಾಲೇಜು ಮತ್ತು ಅಮೃತವ್ವನ ಕಟ್ಟೆ ಎಂದು ಅವನು ಮುಂದೆ ಕಂಡವರಿಗೆಲ್ಲ ಹೇಳುತ್ತಿದ್ದ.

ಮರುದಿನದಿಂದ ಸಾಲು ಬಂದಾಯಿತು, ಕಪಾಳ ಬಂದಾಯಿತು. ಕಳಕಪ್ಪ ಒಂದು ಲೆಕ್ಕ ಹೇಳುವುದು, ಎಲ್ಲರೂ ತಮ್ಮ ತಮ್ಮ ಪಾಟಿಯ ಮೇಲೆ ಬರೆದು ಬೋರಲು ಇಟ್ಟುಕೊಳ್ಳುವುದು. 'ಪಾಟಿ ಎತ್ರಿ!' ಎಂದೊಡನೆ ಒಮ್ಮೆಲೇ ಎದೆಯ ಮಟ್ಟಕ್ಕೆ ಎತ್ತುವುದು. ಯಾರೂ ಯಾರನ್ನೂ ಸೋಲಿಸಬೇಕಾಗಿಲ್ಲ. ಮಾಸ್ತರರ ಕಣ್ಣಿಗೆ ಮಾತ್ರ ಎಲ್ಲರ ಲೆಕ್ಕ ಒಂದೇ ಸಲಕ್ಕೆ ಕಾಣುತ್ತದೆ.

ಕಂಡದ್ದು ಅವನಿಗೇ ಮುಜುಗರವಾಗುವಂಥದ್ದು. ಐದು ಫೂಟು ಎಂಟು ಇಂಚಿನ ಹಗ್ಗವನ್ನು ನಾಲ್ಕು ಸಮ ತುಂಡು ಮಾಡಿದರೆ ಒಂದೊಂದು ಎಷ್ಟುದ್ದ ಎಂದು ಕೇಳಿದ. ಪಾಟಿ ಎದ್ದವು. ಇಬ್ಬರು ಮೂವರನ್ನು ಬಿಟ್ಟು ಎಲ್ಲರದೂ ಒಂದು ಫೂಟು ಎರಡು ಇಂಚು. ಐದರಲ್ಲಿ ನಾಲ್ಕು ಹೋಗಿ ಉಳಿದ ಒಂದು ಫೂಟನ್ನು ಎಲ್ಲರೂ ಒಟ್ಟಾಗಿ ಗಾಳಿಗೆ ಬಿಟ್ಟಿದ್ದರು. ಒಬ್ಬ ತಪ್ಪಿದರೆ ಅವನ ಗಮನ ಎಲ್ಲೋ ಇತ್ತು ಎನ್ನಬಹುದು. ಇಡೀ ವರ್ಗ ಒಂದೇ ತಪ್ಪು ಮಾಡಿದರೆ ಅದು ಕಲಿಸಿದವನ ತಪ್ಪು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಳಕಪ್ಪ ನೆಲವನ್ನು ಬೈಯುವುದು ಬಿಟ್ಟ. ಒಂದು ಹಗ್ಗ ತಂದು ಪಡಸಾಲೆಯಲ್ಲಿ ಹಾಸಿ, ಕತ್ತರಿಸಿ, ಉಳಿದ ತುಂಡನ್ನು ಕೈಯಲ್ಲಿ ಹಿಡಿದು, "ಇದನ್ನ ಯಾರ ಕೊರಳಿಗೆ ಕಟ್ಟೂಣು?" ಎಂದು ಕೇಳಿದ. ಮಕ್ಕಳು ನಕ್ಕರು, ಇಂಚು ಮಾಡಿ ಹಂಚಿದರು. ಒಂದು ಫೂಟು ಐದು ಇಂಚು ಎಂಬ ಉತ್ತರ ಆಮೇಲೆ ಯಾರಿಗೂ ಮರೆಯಲಿಲ್ಲ.

ಒಂದು ಮೂಲೆಯಲ್ಲಿ ಚಾಪೆ ಹಾಸಿದ. ಯಾವ ಲೆಕ್ಕ ಯಾರಿಗೆ ಬರಲಿಲ್ಲವೋ ಅವರು ಆ ದಿನ ಆ ಚಾಪೆಯ ಮೇಲೆ ಅವನ ಜೊತೆ ಕೂರಬೇಕು, ಬಂದ ಕೂಡಲೇ ಎದ್ದು ಹೋಗಬೇಕು. ಭಾಗಾಕಾರಕ್ಕೆ ಗೌಡರ ಮಗ ಕೂತ, ಅಳತೆಗೆ ಯಂಕಪ್ಪ ಕೂತ, ಒಂದು ದಿನ ನೀಲಗಂಗವ್ವನೂ ಕೂತಳು. ಎಲ್ಲರೂ ಒಂದಲ್ಲ ಒಂದು ದಿನ ಕೂರುವ ಚಾಪೆಗೆ ಅವಮಾನದ ಹೆಸರು ಹತ್ತುವುದು ಹೇಗೆ? ಹೇಮಪ್ಪ ಮಾತ್ರ ಅಲ್ಲಿ ಮನೆ ಮಾಡಿದ್ದ. ಅವನಿಗೆ ಹೇಳಿಕೊಡಲು ನೀಲಗಂಗವ್ವನಿಗೆ ಆಸೆ. ಆದರೆ ಕೊಡುವ ಮಾತಾದ ಹುಡುಗನ ಹೆಸರು ಹಿಡಿದು ಕರೆಯುವಂತಿಲ್ಲ, ಎದುರು ಕೂತು ಮಾತಾಡುವಂತಿಲ್ಲ. ಅವಳು ಮಾಡಿದ ಉಪಾಯ ನೋಡಿ: ಆಗಲೇ ಅಳತೆ ಕಲಿತು ಚಾಪೆ ಬಿಟ್ಟಿದ್ದ ಯಂಕಪ್ಪನನ್ನು ಕೂರಿಸಿಕೊಂಡು, "ಯಂಕಪ್ಪ, ಉಳದದ್ದನ್ನ ಮದಲ ಇಂಚು ಮಾಡಬೇಕಪ, ತಿಳೀತಿಲ್ಲೊ?" ಎಂದು ಗುಡಿ ಹಾರಿಹೋಗುವಂತೆ ಕೂಗಿ ಹೇಳುವಳು. ಯಂಕಪ್ಪ ಪಾಪ, ಗೊತ್ತಿದ್ದದ್ದನ್ನೇ ಕೇಳಿ ಹೂಂಗುಟ್ಟುವನು. ಹಿಂದೆ ಕೂತ ಹೇಮಪ್ಪ ಕಿವಿ ನಿಮಿರಿಸಿ ಬರೆದುಕೊಳ್ಳುವನು.

ಊರ ಹಿರಿಯರಿಗೆ ಮಾತ್ರ ಬೇಜಾರು. "ಛಡಿ ಛಂ ಛಂ, ವಿದ್ಯಾ ಘಂ ಘಂ ಅಂತಾರ. ಇದೇನ್ರಿ ಮಾಸ್ತರ, ಸಾಲಿ ಒಳಗ ಸಪ್ಪಳನ ಇಲ್ಲ?" ಎಂದು ಕಟ್ಟೆಯಿಂದ ಒಬ್ಬರು ಕೇಳಿದರು. ಸಂಜೆಯ ಮೋಜು ಹೋದ ಸಿಟ್ಟು ಅದು. ಕಳಕಪ್ಪ ನಕ್ಕು, "ಪರೀಕ್ಷಾ ಆಗಲಿ ತಡೀರಿ" ಎಂದ. ಒಳಗೊಳಗೆ ಅವನಿಗೂ ಪುಕುಪುಕು. ಪರೀಕ್ಷೆ ಕೆಟ್ಟರೆ ಐದನೆಯದು ಬರುವುದಿಲ್ಲ, ಅಂದಾನಪ್ಪನಿಗೆ ಕೊಟ್ಟ ಮಾತಿನ ಪ್ರಕಾರ ಆ ಹುಡುಗಿ ಮನೆಯಲ್ಲಿ ಕೂರುತ್ತಾಳೆ.

ವರ್ಷ ತಿರುಗಿ ಸಾಹೇಬರು ಬಂದರು. ಗುಡಿಯ ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಮಕ್ಕಳು ಪಾಟಿ ಹಿಡಿದು ಕೂತದ್ದನ್ನು ಕಂಡು ಸಾಹೇಬರ ಹುಬ್ಬು ಗಂಟಾಯಿತು.

"ಸಾಲು ಎಲ್ಲೈತ್ರಿ ಮಾಸ್ತರ?"

"ಪಾಟಿ ಮ್ಯಾಲೆ ಬರಸ್ತೀನ್ರಿ ಸಾಹೇಬ್ರ. ಎಲ್ಲಾರ್ದೂ ಒಮ್ಮೆಲೆ ನೋಡಬಹುದು."

"ಪಾಟಿ ಆಮ್ಯಾಲ. ಮದಲ ಬಾಯಿಲೆಕ್ಕ, ನಿಂದರಸ್ರಿ ಸಾಲು."

ಸಾಹೇಬರ ಮಾತಿಗೆ ಎದುರಾಡುವ ಕಾಲವಲ್ಲ ಅದು. ಮಕ್ಕಳು ಎತ್ತರದ ಪ್ರಕಾರ ನಿಂತರು. ನೀಲಗಂಗವ್ವನಿಗಿಂತ ಒಂದು ಸ್ಥಾನ ಮೇಲೆ, ಅವಳ ದುರ್ದೈವಕ್ಕೆ, ಹೇಮಪ್ಪ.

"ಏಳು ಫೂಟು ಆರು ಇಂಚಿನ ಹಗ್ಗ, ಐದು ತುಂಡು. ಒಂದೊಂದು ಎಷ್ಟ?" ಮೇಲಿನವರೆಲ್ಲ ತಮ್ಮ ತಮ್ಮ ಪ್ರಶ್ನೆಗೆ ಉತ್ತರ ಹೇಳಿದ್ದರು, ಈ ಪ್ರಶ್ನೆ ಹೇಮಪ್ಪನ ಸರದಿಗೆ ಬಂತು. ಊರನ್ನೆಲ್ಲ ಎದುರಿಗೆ ಕಂಡು ಅವನಿಗೆ ಕಲಿತದ್ದೆಲ್ಲ ಕಲಸಿಹೋಯಿತು. ಬೆವರಿ, ತೊದಲಿ, ತಪ್ಪು ಹೇಳಿದ. ಪ್ರಶ್ನೆ ನೀಲಗಂಗವ್ವನಿಗೆ ದಾಟಿತು. ಅವಳು ನೆಲ ನೋಡಿದಳು, ಅಪ್ಪನನ್ನು ನೋಡಿದಳು, ಮಾಸ್ತರರನ್ನು ನೋಡಿದಳು.

"ಒಂದು ಫೂಟು ಆರು ಇಂಚರಿ" ಎಂದಳು. ಸಣ್ಣ ದನಿ, ಆದರೂ ಎಲ್ಲರಿಗೂ ಕೇಳಿಸಿತು.

"ಶಾಬಾಸ್! ಹಿಡಿ ಮೂಗು."

ಅವಳ ಕೈ ಮೇಲೇಳಲಿಲ್ಲ.

"ಹೊಡೀ ಅಂದೆ! ಹೊಡೀದಿದ್ರ ನಿನ್ನ ಉತ್ತರಾ ಹಿಡ್ಯಾಂಗಿಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿತು. ಬಂದದ್ದು ಬರಲಿ ಎಂದು ಕಳಕಪ್ಪ ಮುಂದೆ ಹೆಜ್ಜೆ ಇಟ್ಟ. ಅವನು ಬಾಯಿ ತೆರೆಯುವ ಮೊದಲೇ ಹೇಮಪ್ಪ ತನ್ನ ಎಡಗೈಯಿಂದ ತನ್ನ ಮೂಗನ್ನೇ ಗಟ್ಟಿಯಾಗಿ ಹಿಡಿದು, ಬಲಗೈಯಿಂದ ತನ್ನ ಕಪಾಳಕ್ಕೆ ತಾನೇ ಫಟೀರೆಂದು ಬಾರಿಸಿಕೊಂಡ. ಗುಡಿಯ ಪಾರಿವಾಳಗಳು ಎದ್ದು ಹಾರುವಷ್ಟು ಸಪ್ಪಳ.

"ಆತ್ರಿ ಸಾಹೇಬ್ರ," ಎಂದ ಮೂಗು ಬಿಡದೆಯೇ. "ಆಕಿನ್ನ ಮ್ಯಾಲೆ ನಿಂದರಸ್ರಿ." ಎಂದು ತಾನೇ ಅವಳ ಕೆಳಗೆ ಇಳಿದು ನಿಂತ.

ಅಂಗಳಕ್ಕೆ ಅಂಗಳವೇ ನಕ್ಕಿತು. ಸಾಹೇಬರಿಗೂ ನಗು ಬಂತು, ಆದರೆ ತಿಳಿಯಲಿಲ್ಲ. ತಿಳಿಸಲು ಅಮೃತವ್ವ ಹೆಂಗಸರ ಗುಂಪಿನಲ್ಲಿ ತಯಾರಾಗಿಯೇ ಇದ್ದಳು. ಸೆರಗು ಸರಿಮಾಡಿಕೊಂಡು ಎದ್ದು, ಕಳಕಪ್ಪನಿಗೆ ಹೇಳಿದ್ದನ್ನೇ ಸಾಹೇಬರಿಗೂ ಹೇಳಿದಳು. ಸಾಹೇಬರ ನಗು ನಿಂತಿತು. ಅವರು ಒಳ್ಳೆಯ ಮನುಷ್ಯರು. ಹೋದ ವರ್ಷ ತಾವು ಆಡಿದ ಮಾತು ನೆನಪಾಗಿರಬೇಕು. ನೀಲಗಂಗವ್ವನ ತಲೆಯ ಮೇಲೆ ಕೈಯಿಟ್ಟು, "ಇದರಾಗ ಭಾಳ ಐತವ್ವ, ನನಗ ಕಾಣಲಿಲ್ಲ" ಎಂದರು. ಆಮೇಲೆ ಕಳಕಪ್ಪನ ಕಡೆ ತಿರುಗಿ, "ಪಾಟಿ ಹಿಡಸ್ರಿ" ಎಂದರು.

ಲೆಕ್ಕದ ಮೇಲೆ ಲೆಕ್ಕ ಕೇಳಿದರು. 'ಪಾಟಿ ಎತ್ರಿ' ಎಂದಾಗಲೆಲ್ಲ ಪಾಟಿಗಳು ಒಟ್ಟಿಗೆ ಎದ್ದವು. ಊರಿನ ಎದೆಯೂ ಏರಿತು. ಮುಕ್ಕಾಲು ಪಾಲು ಮಕ್ಕಳದು ಸರಿ. ಹೇಮಪ್ಪ ಕೂಡ, ಮಂದಿಯ ಮುಖ ನೋಡದೆ ಪಾಟಿ ನೋಡುತ್ತ ಕೂತಾಗ, ಮೂರಕ್ಕೆ ಎರಡು ಸರಿ ಬರೆದ. ಐದನೇ ಇಯತ್ತೆ ಕೊಡಬೇಕೆಂದು ತಾವೇ ಬೋರ್ಡಿಗೆ ಹೇಳುವುದಾಗಿ ಸಾಹೇಬರು ಎಲ್ಲರ ಎದುರು ಮಾತು ಕೊಟ್ಟರು, ಕೊಟ್ಟ ಮಾತು ಉಳಿಸಿಕೊಂಡರು. ಜೂನ್ ತಿಂಗಳಲ್ಲಿ ಐದನೆಯದು ಶುರುವಾಯಿತು. ಆ ವರ್ಷವೇ ನವೆಂಬರದಲ್ಲಿ ರಾಜ್ಯವೂ ಒಂದಾಯಿತು. ಊರಿಗೆ ಯಾವುದು ದೊಡ್ಡ ಹಬ್ಬವೆನಿಸಿತೋ ಹೇಳುವುದು ಕಷ್ಟ.

ಅಂದಾನಪ್ಪ ಆ ದಿನ ಗುಂಪು ಸರಿಸಿಕೊಂಡು ಮುಂದೆ ಬಂದ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ. ಹತ್ತು ದಾಟಿದ ಹುಡುಗಿ ನಾಚಿ ಇಳಿಸಪ್ಪಾ ಎಂದರೂ ಕೇಳದೆ ಮನೆಯ ತನಕ ಹೊತ್ತುಕೊಂಡೇ ಹೋದ. ಮುಂದೆ ಅವಳ ಲಗ್ನವನ್ನು ಮುಲ್ಕಿ ಪಾಸಾಗುವ ತನಕ ಎತ್ತಬಾರದು ಎಂದು ಅಮೃತವ್ವ ಗೆರೆ ಕೊರೆದಾಗ ಹೂಂ ಎಂದವರಲ್ಲಿ ಮೊದಲಿಗ ಅವನೇ. ಕಳಕಪ್ಪ ಮಾಸ್ತರರು ಆಮೇಲೆ ಹುಲಕೋಟಿ ಕಡೆಯಿಂದ ಮುಂಡರಗಿಯ ತನಕ ಎಷ್ಟೋ ಶಾಲೆ ತಿರುಗಿದರು, ಹೋದಲ್ಲೆಲ್ಲ ಪಾಟಿ ಎತ್ತಿಸಿದರು, ಚಾಪೆ ಹಾಸಿದರು. ಹೊಗಳಿದವರಿಗೆ ಅವರು ಹೇಳುತ್ತಿದ್ದುದು ಪರೀಕ್ಷೆಯ ದಿನದ ಸಂಜೆಯ ಸಂಗತಿ.

ಸಾಹೇಬರ ಟಾಂಗಾ ಹೋಗಿ, ಜನ ಚದುರಿ, ಕಳಕಪ್ಪನೊಬ್ಬನೇ ಚಾಪೆ ಸುತ್ತುತ್ತಿದ್ದ. ಹೇಮಪ್ಪ ಕಂಬದ ಹತ್ತಿರ ನಿಂತಿದ್ದ. ಕೆನ್ನೆಯ ಮೇಲೆ ನಾಲ್ಕು ಬೆರಳು ಇನ್ನೂ ಕೆಂಪಗೆ ಮೂಡಿದ್ದವು.

"ಯಾಕಲೇ ಅಷ್ಟ ಜೋರ ಹೊಡಕೊಂಡಿ? ಮೆಲ್ಲಕ ಹೊಡಕೊಂಡಿದ್ರ ನಡೀತಿರಲಿಲ್ಲೇನು?"

"ಮೆಲ್ಲಕ ಹೊಡಕೊಂಡಿದ್ರ ಸಾಹೇಬ್ರ ಆಕಿ ಉತ್ತರಾ ಹಿಡೀದಿದ್ರ ಏನ್ ಮಾಡೂದರಿ?" ಎಂದ ಹೇಮಪ್ಪ. ಮತ್ತೆ ಹೇಳಿದ, "ನನ್ನ ಸಲುವಾಗಿ ಆಕಿ ಎಲ್ಲಾರ ಕಡಿಂದ ದಡ್ಡಿ ಅನಿಸಿಕೊಂಡಾಳ್ರಿ ಮಾಸ್ತರ. ಮೊನ್ನೆ ಮನ್ಯಾಗ ಅಮೃತವ್ವ ಆಯಿ ಹೇಳೂ ತನಕ ನನಗ ಗೊತ್ತ ಇರಲಿಲ್ಲ. ನನಗ ಒಂದ ಏಟು ಏನ್ ದೊಡ್ಡದರಿ?"

ಕಳಕಪ್ಪ ಸುತ್ತುತ್ತಿದ್ದ ಚಾಪೆಯನ್ನು ಕೆಳಗಿಟ್ಟ. ಹುಡುಗನನ್ನು ಹತ್ತಿರ ಕರೆದು ಆ ಕೆನ್ನೆಯನ್ನು ತನ್ನ ಅಂಗೈಯಿಂದ ಸವರಿದ. "ಮನೀಗೆ ಹೋಗು, ಆಯಿ ಕಡೆ ಎಣ್ಣಿ ಹಚಿಸ್ಕೊ" ಎಂದು ಕಳಿಸಿದ.